ಒಂದು ಜೊತೆ ಕೈಗವಸು

ಸೊಪ್ಪಿನ ಶೆಡ್ಡಿನಲ್ಲಿ ಇದ್ದದ್ದು ಒಂದೇ ಜೊತೆ ಕೈಗವಸು. ಅದು ನನ್ನ ಕೈಯಲ್ಲಿತ್ತು.

ನನ್ನದು ತೂಕ ಹಾಕುವ ಕೆಲಸ. ಹನ್ನೊಂದು ಹೆಂಗಸರು ಬೆಳಿಗ್ಗೆಯಿಂದ ಹಳ್ಳದ ದಂಡೆಯಲ್ಲಿ ತುರಚಿ ಸೊಪ್ಪಿನ ಕುಡಿ ಚಿವುಟಿ ತರುತ್ತಿದ್ದರು, ಬರಿಗೈಯಲ್ಲಿ. ಮುಟ್ಟಿದರೆ ಚರ್ಮ ಉರಿದು ದದ್ದು ಏಳುವ ಸೊಪ್ಪು ಅದು. ಬೆಂದರೆ ಮಾತ್ರ ಬೆಣ್ಣೆ. ಪೇಟೆಯ ದೊಡ್ಡ ಹೋಟೆಲುಗಳಲ್ಲಿ ಈಗ ಅದಕ್ಕೆ ಬಲು ಬೇಡಿಕೆ. ಗವಸು ಹಾಕಿ ಕಿತ್ತರೆ ಕುಡಿ ನಲುಗುತ್ತದೆ ಎಂಬುದು ಯಜಮಾನನ ವಾದ.

ಆ ಹನ್ನೊಂದು ಜನರಲ್ಲಿ ಒಬ್ಬಳು ನನ್ನ ಅತ್ತಿಗೆ. ಅಮ್ಮ ಸತ್ತಾಗ ನನಗೆ ಆರು ವರ್ಷ. ಇದೇ ಸೊಪ್ಪು ಬೇಯಿಸಿ ಹಾಕಿ ಸಾಕಿದವಳು ಅವಳು. "ಕುದಿನೀರಿಗೆ ಬೀಳೋತನಕ ಇದರ ಸೊಕ್ಕು ಇಳಿಯಲ್ಲ ಕಣೋ," ಎಂದು ನಗುತ್ತಿದ್ದಳು. ಈಗ ಅವಳ ಬೆರಳುಗಳು ಊದಿಕೊಂಡಿವೆ. ಗುಂಡಿ ಹಾಕಿಕೊಳ್ಳಲೂ ಮಗಳನ್ನು ಕರೆಯುತ್ತಾಳೆ.

ಮೊನ್ನೆ ಕಾರ್ಮಿಕ ಇಲಾಖೆಯ ಸಾಹೇಬರು ತನಿಖೆಗೆ ಬಂದರು. ಯಜಮಾನ ಕುರ್ಚಿ ಒರೆಸಿ ಕೂರಿಸಿದ.

"ಇವರಿಗೆ ಕೈ ಉರಿಯಲ್ವೇನ್ರಿ?" ತೂಕಕ್ಕೆ ಸಾಲು ನಿಂತ ಹೆಂಗಸರ ಕಡೆ ನೋಡಿ ಸಾಹೇಬರು ನನ್ನನ್ನೇ ಕೇಳಿದರು.

ಯಜಮಾನ ನನ್ನ ಮುಖ ನೋಡಿದ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವನು ಆಗಾಗ ಹೇಳುತ್ತಿದ್ದ. ನಾನು ಉಂಡದ್ದು ಯಾರ ಮನೆಯಲ್ಲಿ ಎಂಬುದು ಆ ಗಳಿಗೆ ನನಗೆ ನೆನಪಾಗಲಿಲ್ಲ.

"ಇಲ್ಲ ಸಾರ್. ಇವರಿಗೆ ರೂಢಿ ಆಗ್ಬಿಟ್ಟಿದೆ."

ಗವಸಿನ ಅಗತ್ಯವಿಲ್ಲ ಎಂದು ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು. ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ.

ಅತ್ತಿಗೆ ಬುಟ್ಟಿ ಹೊತ್ತು ಸಾಲಿನಲ್ಲಿ ಮೊದಲಿಗಳಾಗಿಯೇ ನಿಂತಿದ್ದಳು. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬುಟ್ಟಿಯನ್ನು ತಕ್ಕಡಿಯ ಪಕ್ಕ ಇಳಿಸಿದಳು.

"ಗ್ಲೌಸು ಬಿಚ್ಚಿ ಮೈದುನರೇ. ಇದೇ ಸೊಪ್ಪು ತಿಂದು ಬೆಳೆದೋರು ನೀವು. ನಿಮಗೂ ರೂಢಿ ಇರ್ಬೇಕಲ್ಲ."

ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಹಿಂದಿದ್ದ ಹತ್ತೂ ಜನ ಬುಟ್ಟಿ ಇಳಿಸಿದರು. ಯಾರೂ ತಕ್ಕಡಿಗೆ ಸುರಿಯಲಿಲ್ಲ.

"ಹೋಟೆಲಿನ ಗಾಡಿ ಬರೋ ಹೊತ್ತಾಯ್ತು, ಏನಿದು ನಾಟಕ?" ಯಜಮಾನ ಗದರಿದ. "ತೂಕ ಹಾಕೋ, ಬೇಗ."

ನಾನು ಗವಸು ಬಿಚ್ಚಿ ಅತ್ತಿಗೆಯತ್ತ ಚಾಚಿದೆ. ಅವಳು ಮುಟ್ಟಲಿಲ್ಲ.

"ಹನ್ನೊಂದು ಜನ ಇದೀವಿ. ಹನ್ನೊಂದು ಜೊತೆ ಬರ್ಲಿ, ಆಮೇಲೆ ಸೊಪ್ಪು."

ಎರಡೂ ಕೈಗಳನ್ನು ಬುಟ್ಟಿಯೊಳಗೆ ಇಳಿಸಿದೆ. ಮೊಣಕೈವರೆಗೂ ಬೆಂಕಿ ಹತ್ತಿತು. ಕಣ್ಣಲ್ಲಿ ನೀರು ಬಂತು. ಹಾಗೆಯೇ ಒಂದು ಹಿಡಿ ಸೊಪ್ಪು ಎತ್ತಿ ಸಾಹೇಬರ ತೆರೆದ ಪುಸ್ತಕದ ಮೇಲಿಟ್ಟೆ.

"ಸುಳ್ಳು ಹೇಳ್ದೆ ಸಾರ್. ಉರಿಯುತ್ತೆ. ಬರೆದಿದ್ದನ್ನ ಹೊಡೆದುಹಾಕಿ."

ಸಾಹೇಬರು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಯಾರಾದ್ರೂ ಇದನ್ನ ತೆಗೀರಿ," ಎಂದರು.

ಹನ್ನೊಂದು ಹೆಂಗಸರಲ್ಲಿ ಒಬ್ಬರೂ ಅಲುಗಲಿಲ್ಲ. ನಾನೂ ಅಲುಗಲಿಲ್ಲ.