ತಲೆಗೊಂದು ಪಾವು

ನಾನು ಹಿತ್ತಾಳೆ ತಗಡಿನ ಒಂದು ಪಾವು. ಕಾಲು ಸೇರಿನ ಅಳತೆ. ಮಾಗಡಿಯ ಕಂಚುಗಾರರ ಬೀದಿಯಲ್ಲಿ ಹುಟ್ಟಿದೆ. ನನ್ನನ್ನು ಮಾಡಿದಾತ ಮೂರು ಸಲ ಅಕ್ಕಿ ತುಂಬಿ, ಸುರಿದು, ಅಳತೆ ಸರಿಯಿದೆ ಎಂದು ಖಾತ್ರಿಯಾದ ಮೇಲೇ ಕಂಠಕ್ಕೆ ಪಟ್ಟಿ ಹಾಕಿದ. ಸುಳ್ಳು ಹೇಳದ ಬಾಳು ನನ್ನದು ಎಂದು ಜಂಬಪಟ್ಟೆ. ಆ ಜಂಬವನ್ನು ಮುರಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಹನ್ನೊಂದು ವರ್ಷ ದೊಡ್ಡಬಳ್ಳಾಪುರದ ಒಂದು ದಿನಸಿ ಅಂಗಡಿಯಲ್ಲಿ ದುಡಿದೆ. ತಕ್ಕಡಿ ಹೋಗಿ ತೂಕದ ಬಟನ್ ಯಂತ್ರ ಬಂದಾಗ ನನ್ನನ್ನು ಯಾರೂ ಕೇಳದಂತಾಯಿತು. ಆಗ ಅಂಗಡಿಯವನು ಮಗ್ಗದ ಮನೆಯ ಚೌಡಮ್ಮನಿಗೆ ನನ್ನನ್ನು ಮಾರಿದ.

ಆ ಮನೆಯ ಯಜಮಾನ ಪುಟ್ಟಾಂಜಿನಪ್ಪ. ತಿಂಗಳ ಮೊದಲ ದಿನ ಚೌಡಮ್ಮ ದಿನಸಿ ಚೀಟಿ ಬರೆಸಿದರೆ, ಈತ ಪೆನ್ನು ಹಿಡಿದು ಕೂರುತ್ತಿದ್ದ. ಅಕ್ಕಿಯಲ್ಲಿ ಎರಡು ಸೇರು ಹೊಡೆದುಹಾಕು, ಬೇಳೆಯಲ್ಲಿ ಒಂದು. ಆಮೇಲೆ ಟೀ ಅಂಗಡಿಯ ಕಟ್ಟೆ ಮೇಲೆ, "ಮನೆ ನಡೆಸೋದು ಹೆಂಗೆ ಅಂತ ನನ್ನ ಕೇಳ್ರಯ್ಯ!" ಎಂದು ಕೊಚ್ಚಿಕೊಳ್ಳುತ್ತಿದ್ದ. ಊಟದ ವಿಷಯದಲ್ಲಿ ಮಾತ್ರ ಅವನದು ಒಂದೇ ಮಾತು. ತಲೆಗೊಂದು ಪಾವು ಅಳೆದು ಬೇಯಿಸಬೇಕು, ಕಡಿಮೆಯಾದರೆ ಮನೆತನಕ್ಕೆ ಅವಮಾನವಂತೆ!

ಚೀಟಿಯಲ್ಲಿ ಇಲ್ಲದ ಅಕ್ಕಿ ಪಾವಿಗೆ ಎಲ್ಲಿಂದ ಬರಬೇಕು? ಒಂದು ಮಧ್ಯಾಹ್ನ ಚೌಡಮ್ಮ ನನ್ನನ್ನು ಬೋರಲು ಹಾಕಿ ಗುಂಡುಕಲ್ಲಿನಿಂದ ತಳಕ್ಕೆ ನಾಲ್ಕೇಟು ಕೊಟ್ಟಳು. ತಳ ಒಳಕ್ಕೆ ಉಬ್ಬಿತು. ಹೊರಗಿನಿಂದ ನೋಡಿದರೆ ನಾನು ಅದೇ ಪಾವು. ಒಳಗೆ ಒಂದು ಹಿಡಿ ಕಡಿಮೆ.

ಗಂಡಸರು, ಅಪ್ಪ ಮತ್ತು ಮಗ ರಾಮಲಿಂಗ, ಮೊದಲು ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದರು. ಕಡಿಮೆ ಬಿದ್ದದ್ದೆಲ್ಲ ಕೊನೆಯ ತಟ್ಟೆಗೆ. ಆ ಕೊನೆಯ ತಟ್ಟೆ ಸೊಸೆ ಪಂಕಜಳದು. ಅವಳು ಬಸುರಿಯಾದಳು. ಆಗಲೂ ನನ್ನ ತಳ ನೆಟ್ಟಗಾಗಲಿಲ್ಲ. ಹುಡುಗಿ ಪಾತ್ರೆ ಕೆರೆದು, ಮೇಲೆ ಎರಡು ಲೋಟ ನೀರು ಕುಡಿದು ಏಳುತ್ತಿದ್ದಳು. ನನಗೆ ಕೈಕಾಲು ಇದ್ದಿದ್ದರೆ ಆ ಗುಂಡುಕಲ್ಲನ್ನು ಬಾವಿಗೆ ಎಸೆಯುತ್ತಿದ್ದೆ.

ಏಳನೇ ತಿಂಗಳಲ್ಲಿ ಆಸ್ಪತ್ರೆಯ ನರ್ಸಮ್ಮ ಮನೆಗೇ ಬಂದಳು. ಪಂಕಜಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತಾನೇ ಇಲ್ವಲ್ಲಮ್ಮ. ಹಿಂಗಾದ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ. ಮನೇಲಿ ಊಟ ಹಾಕ್ತಾರೋ ಇಲ್ವೋ?" ಎಂದಳು.

ಪುಟ್ಟಾಂಜಿನಪ್ಪನಿಗೆ ಮೈಯೆಲ್ಲ ಉರಿಯಿತು. "ಏನಮ್ಮ ಹಂಗಂದ್ರೆ? ತಲೆಗೊಂದು ಪಾವು ಅಳೆದು ಹಾಕೋ ಮನೆ ಇದು! ಏಯ್, ಆ ಪಾವು ತಗೊಂಡು ಬಾ!"

ಚೌಡಮ್ಮ ಅಲುಗಾಡಲಿಲ್ಲ. ಅವನೇ ಒಳಗೆ ಬಂದು ನನ್ನನ್ನು ಎತ್ತಿಕೊಂಡು ಹೋದ. ಅದೇ ಹೊತ್ತಿಗೆ ಪಕ್ಕದ ಮನೆಯ ಲಕ್ಷ್ಮೀದೇವಮ್ಮ ನಮ್ಮ ಮನೆಯಿಂದ ಸಾಲ ಒಯ್ದಿದ್ದ ಅಕ್ಕಿಯನ್ನು ತೀರಿಸಲು ತನ್ನ ಪಾವಿನಲ್ಲಿ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಿಂದ ಅದನ್ನು ಕಿತ್ತುಕೊಂಡು, "ನೋಡ್ರಿ, ಇಷ್ಟು ಹಾಕ್ತೀವಿ!" ಎಂದು ನನ್ನೊಳಗೆ ಸುರಿದ.

ನಾನು ತುಂಬಿದೆ. ಅವಳ ಪಾವು ಇನ್ನೂ ಬರಿದಾಗಿರಲಿಲ್ಲ. ಉಳಿದ ಅಕ್ಕಿ ನನ್ನ ಕಂಠ ದಾಟಿ ನೆಲಕ್ಕೆ ಚೆಲ್ಲಿತು.

"ಅಯ್ಯೋ ಶಿವನೇ, ಇಷ್ಟು ದಿನ ಇದರಲ್ಲಿ ಇಸ್ಕೊಂಡು ನಮ್ಮ ಪಾವಲ್ಲಿ ವಾಪಸ್ ಕೊಟ್ಟೆನಲ್ಲ!" ಎಂದು ಲಕ್ಷ್ಮೀದೇವಮ್ಮ ಬಾಯಿ ಬಡಿದುಕೊಂಡಳು.

ಗಂಡ ತನ್ನತ್ತ ತಿರುಗಿದಾಗ ಚೌಡಮ್ಮ ಸಿಡಿದಳು. "ನನ್ನ ಏನ್ ನೋಡ್ತೀರಿ? ಚೀಟೀಲಿ ಅಕ್ಕಿ ಹೊಡೆದುಹಾಕಿದೋರು ನೀವು. ಕೇಳಿದ್ರೆ ಮನೆ ನಡೆಸೋಕೆ ಬರಲ್ವಾ ಅಂದ್ರಿ. ನಿಮ್ಮ ತಟ್ಟೆಗೆ ಕಮ್ಮಿ ಹಾಕೋ ಧೈರ್ಯ ನನಗಿತ್ತಾ? ನಾನೂ ಅವಳ ಜೊತೆಗೇ ತಳ ಕೆರೆದು ತಿಂದೋಳು!"

ನಿಜ. ಅವಳ ತಟ್ಟೆಯನ್ನೂ ನಾನು ದಿನಾ ನೋಡಿದ್ದೆ, ಸಿಟ್ಟಿನಲ್ಲಿ ಗಮನಿಸಿರಲಿಲ್ಲ. ಹಾಗೆಂದು ಬಸುರಿಯ ಅನ್ನ ಕಿತ್ತದ್ದನ್ನು ನಾನು ಕ್ಷಮಿಸಿದೆ ಎಂದುಕೊಳ್ಳಬೇಡಿ.

ಅಂದು ಮಧ್ಯಾಹ್ನ ಗಂಡಸರ ಸಾಲಿನಲ್ಲಿ ಮೂರನೇ ತಟ್ಟೆ ಬಂತು. ಪಂಕಜ ಮಾವನ ಪಕ್ಕದಲ್ಲೇ ಕೂತು, "ಬಡಿಸಿ ಅತ್ತೆ," ಎಂದಳು. ಗಂಡ ರಾಮಲಿಂಗ ತಲೆ ಎತ್ತಲಿಲ್ಲ. ಚೌಡಮ್ಮ ಸೊಸೆಗೆ ಎರಡು ಸಲ ಬಡಿಸಿ, ತನ್ನ ತಟ್ಟೆಗೂ ಹಾಕಿಕೊಂಡಳು. ಪುಟ್ಟಾಂಜಿನಪ್ಪ ಎರಡನೇ ಸಲ ಅನ್ನ ಕೇಳಿದಾಗ ಪಾತ್ರೆ ವಾಲಿಸಿ ತೋರಿಸಿದಳು.

"ಆಯ್ತು. ಇನ್ನಿಲ್ಲ."

ಆತ ಅರ್ಧ ಹೊಟ್ಟೆಯಲ್ಲಿ ಎದ್ದು ಕೈ ತೊಳೆದ. ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತಿದ್ದು, ಚೀಲ ತೆಗೆದುಕೊಂಡು ಅಂಗಡಿಗೆ ಹೊರಟ. ಬಸುರಿ ಹೆಂಗಸಿನ ಹಸಿವಿಗೆ ಏಳು ತಿಂಗಳು ಕದಲದ ಕಾಲು, ತನ್ನ ಹಸಿವಿಗೆ ಒಂದೇ ಗಂಟೆಯಲ್ಲಿ ಎದ್ದು ನಡೆಯಿತು.

ಈಗ ಅಟ್ಟದ ಮೇಲೆ ಒಡೆದ ಮಗ್ಗದ ಸಾಮಾನಿನ ನಡುವೆ ಬಿದ್ದಿದ್ದೇನೆ. ಹಿತ್ತಾಳೆ ಕಪ್ಪಾಗಿದೆ. ಕೆಳಗೆ ಬಂದುಹೋಗುವವರು ದಿನಸಿ ಖರ್ಚು ಇಷ್ಟು ಇಳಿಸಿದೆ, ಅಷ್ಟು ಉಳಿಸಿದೆ ಎನ್ನುವುದು ಕೇಳಿಸುತ್ತದೆ. ಉಳಿಸಲಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನಿತ್ತು, ಅದನ್ನು ನೋಡಿಬಂದು ಆಮೇಲೆ ಮಾತಾಡಿ.