ಒಂಬತ್ತನೇ ಮೊಳೆಯ ಕೀ

ಬಸ್ ಡಿಪೋದ ಕೀ ಹಲಗೆಯಲ್ಲಿ ಇಪ್ಪತ್ತು ಮೊಳೆ, ಇಪ್ಪತ್ತು ಕೀ. ಬೇಗ ಬಂದ ಡ್ರೈವರಿಗೆ ಬೇಕಾದ ಬಸ್ಸು. ಮ್ಯಾನೇಜರಮ್ಮ ನಾಲ್ಕು ದಿನದಿಂದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ನಾಲ್ಕು ದಿನವೂ ಕೊನೆಗೆ ಉಳಿದದ್ದು ಒಂಬತ್ತನೇ ಕೀ. ತಡವಾಗಿ ಬಂದವನು ಅದನ್ನು ಹಾವಿನ ಬಾಲ ಹಿಡಿದಂತೆ ಎತ್ತಿಕೊಳ್ಳುತ್ತಿದ್ದ.

ಡ್ರೈವರುಗಳೂ ಮೆಕ್ಯಾನಿಕ್ಕೂ ಬರೆಯುವ ವರದಿ ಪುಸ್ತಕದಲ್ಲಿ ಮಾತ್ರ ಇಪ್ಪತ್ತಕ್ಕೂ 'ಸರಿ ಇದೆ'. ಇಷ್ಟು ಹಳೇ ಗಾಡಿಗಳಲ್ಲಿ ಒಂದಕ್ಕೂ ನೆಗಡಿಯಿಲ್ಲವೇ? ನಾಳೆಯಿಂದ ಒಂಬತ್ತನೇ ಬಸ್ಸು ಗುಡ್ಡದ ದಾರಿಗೆ ಹೋಗಬೇಕು; ಇವತ್ತು ಹನ್ನೆರಡರೊಳಗೆ ಅದರ ಫಿಟ್‌ನೆಸ್ ಪತ್ರಕ್ಕೆ ಅವಳ ಸಹಿ ಬೀಳಬೇಕು.

"ಒಂಬತ್ತಕ್ಕೆ ಏನಾಗಿದೆ?" ಎಂದು ಡ್ರೈವರೊಬ್ಬನನ್ನು ಕೇಳಿದಳು.

"ಏನಿಲ್ಲ ಮೇಡಂ, ಚಿನ್ನದಂಥ ಗಾಡಿ."

"ಹಾಗಾದ್ರೆ ನಾಳೆ ನೀನೇ ತಗೊಂಡು ಹೋಗು."

"ನಾಳೆ... ನಂಗೆ ರಜೆ."

"ಚಿನ್ನದ ಕತ್ತಿ ಅಂತ ಕತ್ತು ಕೊಯ್ಕೊಳ್ಳೋಕಾಗುತ್ತಾ?" ಎಂದು ಹಿಂದಿನಿಂದ ಯಾರೋ ನಕ್ಕರು. ತಿರುಗಿದರೆ ಎಲ್ಲರೂ ಕೀ ಹಲಗೆ ನೋಡುತ್ತಿದ್ದರು.

ಹೆಡ್ ಮೆಕ್ಯಾನಿಕ್ ಅವಳ ಸ್ವಂತ ಸೋದರಮಾವ. ಅವನನ್ನು ಒಳಗೆ ಕರೆದು ಬಾಗಿಲು ಹಾಕಿದಳು.

"ಮಾವ, ಒಂಬತ್ತರ ಬ್ರೇಕು?"

"ಪರವಾಗಿಲ್ಲ."

ಅತ್ತೆಯ ಅಡುಗೆಗೆ ಉಪ್ಪು ಹೆಚ್ಚಾದಾಗಲೂ ಮಾವ ಹೇಳುತ್ತಿದ್ದದ್ದು ಇದೇ ಮಾತು. ಹೇಳಿ, ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದ.

"ಪುಸ್ತಕದಲ್ಲಿ 'ಸರಿ ಇದೆ' ಅಂತ ಬರೆದಿದ್ದೀರಲ್ಲ?"

"ಹದಿನಾಲ್ಕಕ್ಕೆ 'ಸರಿ ಇಲ್ಲ' ಅಂತ ಬರೆದ ಡ್ರೈವರ್ ಮೀಸೆ ಈಗ ಎಲ್ಲಿದ್ದಾನಮ್ಮ? ಕೆಲಸಗಳ್ಳ ಅಂತ ಬಸ್ ತೊಳೆಯೋಕೆ ಹಾಕಿದ್ದು ಯಾರು?"

ಹಾಕಿದ್ದು ಅವಳೇ. ಆದರೂ ಮಾವ ತನ್ನ ತಪ್ಪನ್ನು ಮೀಸೆಯ ಹಿಂದೆ ಅಡಗಿಸುತ್ತಿಲ್ಲವೆಂದು ಹೇಗೆ ನಂಬುವುದು? ಒಂಬತ್ತರ ಕೀ ಹಿಡಿದು ತೊಳೆಯುವ ಶೆಡ್ಡಿಗೆ ಹೋದಳು.

"ಓಡಿಸಿ ನೋಡಿ, ಇದ್ದದ್ದು ಬರಿ."

ಮೀಸೆ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬರೆದರೆ ಈ ಸಲ ಎಲ್ಲಿಗೆ ಹಾಕ್ತೀರ ಮೇಡಂ? ಇದಕ್ಕಿಂತ ಕೆಳಗೆ ಚರಂಡಿ ಮಾತ್ರ ಇರೋದು."

"ಹೋದ ಸಲ ತಪ್ಪು ನಂದು. ನಾಳೆಯಿಂದ ನೀನು ಡ್ರೈವರೇ. ಈಗ ಹತ್ತು."

ಬಸ್ಸು ಅಂಗಳದಲ್ಲಿ ಒಂದು ಸುತ್ತು ಬಂತು. ನಿಲ್ಲಬೇಕಾದ ಗೆರೆ ದಾಟಿ ಗೋಡೆಗೆ ಮೊಳದಷ್ಟು ದೂರದಲ್ಲಿ ನಿಂತಿತು. ಮೀಸೆ ಇಳಿದು 'ಸರಿ ಇಲ್ಲ' ಎಂದು ಬರೆದ. ಅವಳು ಎಲ್ಲರೆದುರು ಅದರ ಕೆಳಗೆ ಸಹಿ ಹಾಕಿದಳು. ಫಿಟ್‌ನೆಸ್ ಪತ್ರ ಖಾಲಿ ಉಳಿಯಿತು.

ಮರುದಿನ ಪುಸ್ತಕ ತೆರೆದರೆ ಏಳು ಬಸ್ಸಿಗೆ 'ಸರಿ ಇಲ್ಲ'. ಎಲ್ಲರೂ ಸೇರಿ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆಯೇ? ಹಳೇ ಅನುಮಾನ ಮತ್ತೆ ಹೆಡೆ ಎತ್ತಿತು. ಅವನ್ನು ಹೊಡೆದುಹಾಕಲು ಕೆಂಪು ಪೆನ್ನಿನತ್ತ ಹೋದ ಕೈಯನ್ನು ಹಿಂದೆಗೆದುಕೊಂಡು, ಏಳು ಕೀಗಳನ್ನೂ ಮೊಳೆಯಿಂದ ತೆಗೆದು, ಒಂದೊಂದನ್ನೂ ಓಡಿಸಿ ನೋಡಿಸಲು ಅಂಗಳಕ್ಕಿಳಿದಳು.