ಟಿಥೋನಸನ ಬಾಚಣಿಗೆ

ನಾನು ಒಂದು ಚಿನ್ನದ ಬಾಚಣಿಗೆ. ಗ್ರೀಕರ ದೇವಲೋಕದ ಕಮ್ಮಾರ ಹೆಫೀಸ್ಟಸ್ ನನ್ನನ್ನು ಮಾಡಿದ. ಮೊದಲು ಚಂದ್ರದೇವಿ ಸೆಲೀನಿಯ ಬಳಿ ಇದ್ದೆ. ತಂಗಿ ಈಯೋಸಳ ಮದುವೆಯಲ್ಲಿ ಅವಳು ನನ್ನನ್ನು ಉಡುಗೊರೆಯಾಗಿ ಕೊಟ್ಟಳು.

ಈಯೋಸ್ ಬೆಳಗಿನ ದೇವಿ. ದಿನವೂ ಆಕಾಶದ ಬಾಗಿಲು ತೆರೆಯುವುದು ಅವಳ ಕೆಲಸ. ಅವಳ ಗಂಡ ಟಿಥೋನಸ್ ಮನುಷ್ಯ. ಮನುಷ್ಯರು ಸಾಯುತ್ತಾರೆಂದು ಅವಳು ಕೇಳಿದ್ದಳು. ದೇವತೆಗಳ ರಾಜನಾದ ಚಿಕ್ಕಪ್ಪನ ಮಗ ಜೀಯಸನ ಬಳಿ ಓಡಿಹೋಗಿ, ಗಂಡನಿಗೆ ಸಾವು ಬರಬಾರದೆಂದು ವರ ಬೇಡಿದಳು. ಅವನು ಕೊಟ್ಟ. ಅಲ್ಲಿಯ ಕಟ್ಟಳೆ ಒಂದೇ: ಕೊಟ್ಟ ವರಕ್ಕೆ ಮತ್ತೇನನ್ನೂ ಸೇರಿಸುವಂತಿಲ್ಲ; ಬೇಡಿದವಳೇ ಕರೆತಂದಾಗ, ಪಡೆದವನು ಜೀಯಸನ ಮುಂದೆ ತನ್ನ ಬಾಯಿಂದಲೇ 'ಬೇಡ' ಎಂದರೆ ಮಾತ್ರ ಅದು ಬಿಟ್ಟುಹೋಗುತ್ತದೆ.

ಕೆಲಸ ಮುಗಿಸಿ ಬಂದು ಅವಳು ಗಂಡನ ತಲೆ ಬಾಚುತ್ತಿದ್ದಳು. ಒಂದು ದಿನ ನನ್ನ ಹಲ್ಲಿಗೆ ಬಿಳಿ ಕೂದಲು ಸಿಕ್ಕಿತು.

"ನೋಡೇ ಅಕ್ಕ, ಎಷ್ಟು ಚೆನ್ನಾಗಿದೆ!"

"ವಯಸ್ಸಾಗ್ತಿದೆ ಕಣೇ ಅವನಿಗೆ," ಎಂದಳು ಮನೆಗೆ ಬಂದಿದ್ದ ಸೆಲೀನಿ. "ಸಾವು ಬೇಡ ಅಂದೆ, ಸರಿ. ಮುಪ್ಪು ಬೇಡ ಅಂದ್ಯಾ?"

ಅಂದಿರಲಿಲ್ಲ. ಅವರ ಮನೆತನದಲ್ಲಿ ಅಜ್ಜಿ, ಮೊಮ್ಮಗಳು ಒಂದೇ ಪ್ರಾಯದವರಂತೆ ಕಾಣುತ್ತಾರೆ. ಮುಪ್ಪು ಅವಳಿಗೆ ಹೊಳೆದೇ ಇರಲಿಲ್ಲ.

ವರ್ಷಗಳು ಕಳೆದವು. ಅವನ ಕೂದಲು ತೆಳುವಾಯಿತು. ಬೆನ್ನು ಬಾಗಿತು.

"ಜೀಯಸನ ಹತ್ರ ಕರ್ಕೊಂಡು ಹೋಗು ಈಯೋಸ್. ಬೇಡ ಅಂದ್ಬಿಡ್ತೀನಿ. ನನ್ನೋರೆಲ್ಲ ಹೋದ್ರು."

"ನಾಳೆ ಹೋಗೋಣ."

"ನಾಳೆನ ತರೋಳು ನೀನೇ ಅಲ್ವೇನೇ? ಯಾವತ್ತು ತರ್ತೀಯ?"

ಇಬ್ಬರೂ ನಕ್ಕರು. ಅವಳು ಕರೆದೊಯ್ಯಲಿಲ್ಲ. ಅವನು ಮತ್ತೆ ಮತ್ತೆ ಕೇಳಿದ. ಅವಳು ಹೆಚ್ಚು ಹೊತ್ತು ಹೊರಗೇ ಉಳಿಯತೊಡಗಿದಳು.

ಅವನು ಕುಗ್ಗುತ್ತ ಹೋದ. ಕೊನೆಗೆ ಬುಟ್ಟಿಯಲ್ಲಿ ಹಿಡಿಸುವಷ್ಟಾದ. ಕೈ ಎತ್ತಲೂ ಆಗದ ಅವನನ್ನು ನೋಡಿ, ಒಂದು ದಿನ ಅವಳೇ ಬುಟ್ಟಿಯನ್ನೆತ್ತಿಕೊಂಡು ಜೀಯಸನ ಬಳಿಗೆ ಹೊರಟಳು. ನಾನು ಅವಳ ಮುಡಿಯಲ್ಲಿದ್ದೆ.

"ಅಣ್ಣ, ಇವನು ಹೇಳ್ತಾನೆ, ಕೇಳು," ಎಂದಳು.

ಜೀಯಸ್ ಊಟ ಬಿಟ್ಟು ಎದ್ದು ಬಂದು ಬುಟ್ಟಿಗೆ ಬಗ್ಗಿದ. ಒಳಗಿನಿಂದ ಜೀರುಂಡೆಯಂಥ ಸದ್ದು ಬಂತು. ಅವನು ಬಹಳ ಹೊತ್ತು ಕಾದ. ಅದು ಮಾತಾಗಲಿಲ್ಲ.

"ಮನೆಗೆ ಕರ್ಕೊಂಡು ಹೋಗು ತಂಗಿ," ಎಂದ.

ಈಗ ನಾನು ಗೋಡೆಯ ಗೂಡಿನಲ್ಲಿದ್ದೇನೆ. ಪಕ್ಕದಲ್ಲೇ ಬುಟ್ಟಿ. ದಿನವೂ ಕೆಲಸಕ್ಕೆ ಹೊರಡುವ ಮುನ್ನ ಈಯೋಸ್ ಅದಕ್ಕೆ ಕಿವಿಯಿಟ್ಟು, 'ಬೇಡ' ಎಂಬ ಒಂದು ಮಾತಿಗಾಗಿ ಕಾಯುತ್ತಾಳೆ. ಅವನು ಅದನ್ನು ಎಷ್ಟು ಸಲ ಹೇಳಿದ್ದ! ಆಗೆಲ್ಲ ಅವಳು ಅವನ ತಲೆ ಬಾಚುತ್ತ 'ನಾಳೆ' ಎನ್ನುತ್ತಿದ್ದಳು.